ಅಡ್ಮಿನ್ ಯಾರು ಸ್ವಾಮಿ?



ಮನೆಯ ಕಂಪ್ಯೂಟರಿನಿಂದ ಬೇಡವಾದ ಒಂದು ಪ್ರೋಗ್ರಾಮನ್ನು ತೆಗೆದುಹಾಕಲು ಕೂರುತ್ತೀರಿ. ಕೆಟ್ಟುಹೋದ ಪ್ರಿಂಟರಿನ ಜೊತೆ ಬಂದದ್ದೋ, ರಜೆಯಲ್ಲಿ ಬಂದ ಮೊಮ್ಮಗ ಹಾಕಿಹೋದ ಆಟವೋ, ಚಂದಾ ಮುಗಿದ ಆಂಟಿವೈರಸ್ಸೋ, ಯಾವುದೋ ಒಂದು. ಪಟ್ಟಿಯಲ್ಲಿ ಹೆಸರು ಹುಡುಕಿ ಅನ್‌ಇನ್‌ಸ್ಟಾಲ್ ಒತ್ತುತ್ತೀರಿ. ತಟ್ಟನೆ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಇದನ್ನು ತೆಗೆಯುವ ಅಧಿಕಾರ ನಿಮಗಿಲ್ಲ, ನಿಮ್ಮ ಸಿಸ್ಟಮ್ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎನ್ನುತ್ತದೆ. ಕಂಪ್ಯೂಟರ್ ಕೊಂಡವರು ನಾವು, ಕರೆಂಟ್ ಬಿಲ್ ಕಟ್ಟುವವರು ನಾವು, ದಿನಾ ಧೂಳು ಒರೆಸುವವರೂ ನಾವು. ಹಾಗಿದ್ದ ಮೇಲೆ ನಾವು ಹೋಗಿ ಕಾಣಬೇಕಾದ ಈ ಮಹಾಶಯ ಯಾರು?

ಹೆಚ್ಚಿನವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಪೆಟ್ಟಿಗೆಯ ಮೂಲೆಯಲ್ಲಿರುವ ಗುಣಾಕಾರ ಚಿಹ್ನೆ ಒತ್ತಿ, ಮತ್ತೆ ಅನ್‌ಇನ್‌ಸ್ಟಾಲ್ ಒತ್ತಿ, ಮತ್ತೆ ಬೈಸಿಕೊಂಡು, ಕೊನೆಗೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ಉಪಾಯವನ್ನು ಅರ್ಧಂಬರ್ಧ ಮಾಡಿ ಸುಸ್ತಾಗುತ್ತಾರೆ. ನನ್ನ ಕೇಳಿದರೆ ಉಪಾಯಗಳೆಲ್ಲ ಆಮೇಲಿನವು. ಈ ಯಂತ್ರಕ್ಕೆ ಅಡ್ಮಿನ್ ಯಾರು ಎನ್ನುವುದು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಆದಂತೆಯೇ. ಮನೆಯ ಕಂಪ್ಯೂಟರಿನಲ್ಲಿ ಆ ಅಡ್ಮಿನ್ ಬಹುಪಾಲು ನೀವೇ ಆಗಿರುತ್ತೀರಿ, ಅದು ನಿಮಗೆ ಗೊತ್ತಿರುವುದಿಲ್ಲ, ಅಷ್ಟೆ. ಕೆಲವೊಮ್ಮೆ ಮಾತ್ರ ನಿಜವಾಗಿಯೂ ಬೇರೆಯವರಾಗಿರುತ್ತಾರೆ. ಆ ಬೇರೆಯವರು ಯಾರು ಯಾರು ಆಗಬಹುದು ಎನ್ನುವುದರಲ್ಲಿ ನಮ್ಮ ಚೆನ್ನೈಗೆ ಅದರದೇ ಆದ ಬಗೆ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ತಕರಾರು ಮನೆಗಳಲ್ಲಿ ಅಷ್ಟಾಗಿ ಇರಲಿಲ್ಲ. ಆಗ ಮನೆಯ ಕಂಪ್ಯೂಟರಿನಲ್ಲಿ ಕೂತವರೆಲ್ಲ ಅಡ್ಮಿನ್. ಅಪ್ಪ, ಅಮ್ಮ, ಎಂಟನೇ ಕ್ಲಾಸಿನ ಮಗ, ಪಕ್ಕದ ಮನೆಯವನು ಎಲ್ಲರೂ ಏನು ಬೇಕಾದರೂ ಹಾಕಬಹುದಿತ್ತು, ಏನು ಬೇಕಾದರೂ ಕಿತ್ತು ಬಿಸಾಡಬಹುದಿತ್ತು. ಸುಖವಾಗಿತ್ತು ಅನ್ನಿಸುತ್ತದೆ. ಆದರೆ ಆ ಸುಖ ವೈರಸ್ಸಿಗೂ ಇತ್ತು. ನೀವು ಅಡ್ಮಿನ್ ಆಗಿ ಕೂತಿದ್ದಾಗ ನೀವು ತೆರೆದ ಫೈಲಿಗೂ ಅಡ್ಮಿನ್ನಿನ ಅಧಿಕಾರವೇ ಸಿಗುತ್ತದೆ. 2008ರ ನವೆಂಬರಿನಲ್ಲಿ ಕಾನ್ಫಿಕರ್ ಎಂಬ ಹುಳು ಕಾಣಿಸಿಕೊಂಡು ಜಗತ್ತಿನ ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಹಿಡಿದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು ನೆಟ್‌ವರ್ಕಿನ ಮೂಲಕವೂ ಬಂತು, ಪೆನ್‌ಡ್ರೈವಿನ ಮೂಲಕವೂ ಬಂತು. ಬ್ರೌಸಿಂಗ್ ಸೆಂಟರಿನಲ್ಲಿ ಒಂದು ಪ್ರಿಂಟ್ ತೆಗೆಸಿಕೊಂಡು ಬರಲು ಹೋದ ಪೆನ್‌ಡ್ರೈವು ಮನೆಗೆ ಏನೇನು ತರುತ್ತಿತ್ತು ಎನ್ನುವುದನ್ನು ಆ ಕಾಲದವರಿಗೆ ವಿವರಿಸಬೇಕಾಗಿಲ್ಲ.

ಆ ಹುಳು ಬರುವ ಮೊದಲೇ, 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಕಂಪನಿ ಈ ಸುಖಕ್ಕೆ ಕಡಿವಾಣ ಹಾಕಿತು. ಯೂಸರ್ ಅಕೌಂಟ್ ಕಂಟ್ರೋಲ್ ಎಂದು ಅದರ ಹೆಸರು. ಪರದೆ ಇದ್ದಕ್ಕಿದ್ದಂತೆ ಮಬ್ಬಾಗಿ, ಈ ಪ್ರೋಗ್ರಾಮು ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದೇ ಎಂದು ಕೇಳುತ್ತದಲ್ಲ, ಅದೇ. ಜನರಿಗೆ ಅದು ಎಷ್ಟು ಕಿರಿಕಿರಿಯಾಯಿತೆಂದರೆ 2008ರಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಎಂಬವರು ಸಾರ್ವಜನಿಕ ಸಭೆಯೊಂದರಲ್ಲಿ, ಕಿರಿಕಿರಿ ಮಾಡಲೆಂದೇ ಇದನ್ನು ಇಟ್ಟದ್ದು ಎಂಬ ಅರ್ಥದ ಮಾತಾಡಿದರು. ತಮಾಷೆಗೆ ಹೇಳಿದ್ದಲ್ಲ. ಬಳಸುವವರಿಗೆ ಕಿರಿಕಿರಿಯಾದರೆ ಅವರು ಸಾಫ್ಟ್‌ವೇರ್ ಬರೆಯುವವರ ಮೇಲೆ ಸಿಡುಕುತ್ತಾರೆ, ಆಗ ಬರೆಯುವವರು ಅಡ್ಮಿನ್ ಅಧಿಕಾರ ಬೇಡದ ಹಾಗೆ ಬರೆಯಲು ಕಲಿಯುತ್ತಾರೆ ಎನ್ನುವುದು ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ ಎಂದೇ ಹೇಳಬೇಕು. ಇವತ್ತು ಅನೇಕ ಪ್ರೋಗ್ರಾಮುಗಳು ಯಾರ ಅಪ್ಪಣೆಯನ್ನೂ ಕೇಳದೆ ನಿಮ್ಮ ಸ್ವಂತ ಫೋಲ್ಡರಿನೊಳಗೆ ಕೂತುಕೊಳ್ಳುತ್ತವೆ. ಅದರಿಂದ ಹುಟ್ಟಿದ ಹೊಸ ತೊಂದರೆಯೊಂದಿದೆ, ಅದಕ್ಕೂ ಬರುತ್ತೇನೆ.

ಇಲ್ಲಿ ಒಂದು ಸಂಗತಿ ಸ್ಪಷ್ಟವಾಗಬೇಕು. ವಿಸ್ಟಾದಿಂದ ಈಚೆಗೆ ನೀವು ಅಡ್ಮಿನ್ ಆಗಿ ಲಾಗಿನ್ ಆದರೂ ಅಡ್ಮಿನ್ನಿನ ಪೂರ್ತಿ ಅಧಿಕಾರ ಕೈಯಲ್ಲಿ ಇರುವುದಿಲ್ಲ. ನಮ್ಮ ಫ್ಲಾಟುಗಳಲ್ಲಿ ಮೋಟಾರ್ ರೂಮಿನ ಕೀ ಇರುತ್ತದಲ್ಲ, ಹಾಗೆ. ಅಸೋಸಿಯೇಷನ್ ಸೆಕ್ರೆಟರಿ ನೀವೇ ಆಗಿದ್ದರೂ ಆ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದಿಲ್ಲ. ನೀರಿನ ಲಾರಿ ಬಂದಾಗ ಗೋಡೆಯ ಮೊಳೆಯಿಂದ ತೆಗೆದುಕೊಂಡು ಹೋಗುತ್ತೀರಿ, ಕೆಲಸ ಮುಗಿದ ಮೇಲೆ ಅಲ್ಲೇ ನೇತುಹಾಕುತ್ತೀರಿ. ವಿಂಡೋಸ್ ಕೂಡ ಲಾಗಿನ್ ಆಗುವಾಗ ಅಡ್ಮಿನ್ನಿಗೆ ಎರಡು ಪರವಾನಗಿ ಮಾಡಿಟ್ಟುಕೊಳ್ಳುತ್ತದೆ. ದಿನನಿತ್ಯಕ್ಕೆ ಸಾಧಾರಣದ್ದು, ಕೇಳಿದಾಗ ಮಾತ್ರ ದೊಡ್ಡದು. ಪರದೆ ಮಬ್ಬಾಗಿ ಬರುವ ಪ್ರಶ್ನೆಗೆ ನೀವು ಯೆಸ್ ಎಂದಾಗಷ್ಟೇ ದೊಡ್ಡದು ಹೊರಬರುತ್ತದೆ. ಅನ್‌ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮು ಈ ಪ್ರಶ್ನೆಯನ್ನು ಸರಿಯಾಗಿ ಕೇಳದೆ ಸಾಧಾರಣ ಪರವಾನಗಿ ಹಿಡಿದುಕೊಂಡೇ ಒಳಗೆ ನುಗ್ಗಿದರೆ, ನೀವು ಅಡ್ಮಿನ್ ಆಗಿದ್ದರೂ ಅಧಿಕಾರವಿಲ್ಲ ಎಂಬ ಉತ್ತರವೇ ಬರುತ್ತದೆ. ಹಳೆಯ ಸಾಫ್ಟ್‌ವೇರುಗಳಲ್ಲಿ ಇದು ಸಾಮಾನ್ಯ.

ಹಾಗಾದರೆ ನೀವು ಅಡ್ಮಿನ್ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಸೆಟ್ಟಿಂಗ್ಸ್ ತೆರೆಯಿರಿ, ಅಕೌಂಟ್ಸ್ ಎನ್ನುವಲ್ಲಿಗೆ ಹೋಗಿ, ಯುವರ್ ಇನ್ಫೋ ಒತ್ತಿ. ನಿಮ್ಮ ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ನೀವು ಅಡ್ಮಿನ್. ಬರೆದಿಲ್ಲದಿದ್ದರೆ ಅಲ್ಲ. ಇಷ್ಟು ನೋಡಿಕೊಳ್ಳದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ಈಗ ಬೇರೆಯವರ ಮಾತಿಗೆ ಬರೋಣ. ಚೆನ್ನೈಯಲ್ಲಿ ಕಂಪ್ಯೂಟರ್ ಅಂದರೆ ರಿಚಿ ಸ್ಟ್ರೀಟು. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಇಲ್ಲಿಗೆ ಇದು ಹಾಗೆ. ಮೌಂಟ್ ರೋಡಿನಿಂದ ಒಳಗೆ ತಿರುಗಿದರೆ ನರಸಿಂಗಪುರಂ ಬೀದಿಯ ಆಸುಪಾಸಿನ ಗಲ್ಲಿಗಳಲ್ಲಿ ಮದರ್‌ಬೋರ್ಡಿನಿಂದ ಹಿಡಿದು ಮೌಸಿನವರೆಗೆ ಏನು ಕೇಳಿದರೂ ಸಿಗುತ್ತದೆ. ಮಾಂಬಲದಲ್ಲೋ ತಿರುವಲ್ಲಿಕ್ಕೇಣಿಯಲ್ಲೋ ಇರುವ ನಮ್ಮ ಕನ್ನಡದ ಮನೆಗಳಿಗೂ ಬಹಳಷ್ಟು ಕಂಪ್ಯೂಟರುಗಳು ಬಂದದ್ದು ಅಲ್ಲಿಂದಲೇ. ಬಿಡಿಭಾಗ ಜೋಡಿಸಿ, ವಿಂಡೋಸ್ ಹಾಕಿ, ಸ್ಕೂಟರಿನಲ್ಲಿ ಹಿಂದೆ ಕಟ್ಟಿಕೊಂಡು ಮನೆಗೇ ತಂದುಕೊಡುವ ಹುಡುಗ ಲಾಗಿನ್ ಕೂಡ ಅವನೇ ಮಾಡಿಟ್ಟಿರುತ್ತಾನೆ. ಅಡ್ಮಿನ್ ಎಂಬ ಹೆಸರಿನದೊಂದು ಅವನಿಗೆ, ಯೂಸರ್ ಎಂಬ ಹೆಸರಿನದೊಂದು ನಿಮಗೆ. ಮೊದಲನೆಯದರ ಪಾಸ್‌ವರ್ಡ್ ಅವನ ತಲೆಯಲ್ಲಿರುತ್ತದೆ, ಇಲ್ಲವೇ ಅವನ ಎಲ್ಲ ಗಿರಾಕಿಗಳಿಗೂ ಒಂದೇ ಆಗಿರುತ್ತದೆ. ಆಮೇಲೆ ಅವನು ಅಂಗಡಿ ಬದಲಾಯಿಸುತ್ತಾನೆ, ಫೋನ್ ನಂಬರ್ ಬದಲಾಗುತ್ತದೆ, ನಿಮ್ಮ ಮನೆಯ ಅಡ್ಮಿನ್ ಈ ಊರಿನ ಜನಜಂಗುಳಿಯಲ್ಲಿ ಕರಗಿಹೋಗುತ್ತಾನೆ. ಆದ್ದರಿಂದ ಯಂತ್ರ ತಂದುಕೊಟ್ಟ ದಿನವೇ, ಅವನಿಗೆ ಕಾಫಿ ಕೊಟ್ಟು ಕೂರಿಸಿ, ಇದರಲ್ಲಿ ಅಡ್ಮಿನ್ ಲಾಗಿನ್ ಯಾವುದಪ್ಪ, ಪಾಸ್‌ವರ್ಡ್ ಏನು ಎಂದು ಕೇಳಿ, ನಿಮ್ಮ ಕೈಯಲ್ಲೇ ಅದನ್ನು ಬದಲಾಯಿಸಿ. ಒಳ್ಳೆಯ ಹುಡುಗನಾದರೆ ಬೇಸರಪಟ್ಟುಕೊಳ್ಳುವುದಿಲ್ಲ.

ಇನ್ನೊಂದು ಬಗೆ, ಕಂಪನಿಗಳಿಂದ ಬಿಡುಗಡೆಯಾದ ಲ್ಯಾಪ್‌ಟಾಪು. ಓಲ್ಡ್ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಐಟಿ ಕಂಪನಿಗಳಿರುವ ಊರು ಇದು. ತರಮಣಿಯ ಟೈಡಲ್ ಪಾರ್ಕ್ 2000ದಲ್ಲಿ ತೆರೆದಾಗಿನಿಂದ ಸಿರುಸೇರಿಯವರೆಗೆ ಗಾಜಿನ ಕಟ್ಟಡಗಳ ಸಾಲೇ ಬೆಳೆದಿದೆ. ಆ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಗಟ್ಟಿಮುಟ್ಟಾದ ಮಾಲು, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಕೆಲವದರಲ್ಲಿ ಹಳೆಯ ಕಂಪನಿಯ ಹಿಡಿತ ಬಿಟ್ಟಿರುವುದಿಲ್ಲ. ಸೆಟ್ಟಿಂಗ್ಸ್ ತೆರೆದರೆ ಕೆಲವು ಸೆಟ್ಟಿಂಗುಗಳನ್ನು ನಿಮ್ಮ ಸಂಸ್ಥೆ ನೋಡಿಕೊಳ್ಳುತ್ತಿದೆ ಎಂಬ ಸಾಲು ಕಾಣುತ್ತದೆ. ಅಲ್ಲಿರುವ ಕಾವಲು ಪ್ರೋಗ್ರಾಮನ್ನು ತೆಗೆಯಲು ಹೋದರೆ ಬಡಪೆಟ್ಟಿಗೆ ಬಗ್ಗುವುದಿಲ್ಲ. ಇನ್ನೂ ವಿಚಿತ್ರವೆಂದರೆ, ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದರೂ ಮೊದಲ ಸಲ ಇಂಟರ್ನೆಟ್ ಸಿಕ್ಕ ಕೂಡಲೇ ಅದೇ ಕಂಪನಿಯ ಇಮೇಲ್ ವಿಳಾಸ ಕೇಳಬಹುದು. ಆ ಯಂತ್ರದ ಗುರುತು ಮೈಕ್ರೋಸಾಫ್ಟಿನ ಆಟೋಪೈಲಟ್ ಎಂಬ ದಾಖಲೆಯಲ್ಲಿ ಕಂಪನಿಯ ಹೆಸರಿಗೇ ಉಳಿದಿರುವುದು ಇದಕ್ಕೆ ಕಾರಣ. ಅದನ್ನು ಬಿಡಿಸಬೇಕಾದವರು ಆ ಕಂಪನಿಯವರೇ, ನೀವಲ್ಲ, ನಾನೂ ಅಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಯಂತ್ರ ಆನ್ ಮಾಡಿಸಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿ, ಅಕೌಂಟ್ಸ್ ಒಳಗೆ ಆಕ್ಸೆಸ್ ವರ್ಕ್ ಆರ್ ಸ್ಕೂಲ್ ಎಂಬಲ್ಲಿ ಯಾವುದಾದರೂ ಸಂಸ್ಥೆಯ ಹೆಸರಿದೆಯೋ ನೋಡಿ. ಸಾಧ್ಯವಾದರೆ ಅಂಗಡಿಯವನ ಮುಂದೆಯೇ ಅದನ್ನು ರೀಸೆಟ್ ಮಾಡಿಸಿ, ಮತ್ತೆ ಹಾಟ್‌ಸ್ಪಾಟಿಗೆ ಸೇರಿಸಿ ನೋಡುವುದು ಇನ್ನೂ ಒಳ್ಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದೆ. ಹಳೆಯ ಯಂತ್ರ ಕೊಟ್ಟು ಬೇರೆಯದನ್ನು ಹುಡುಕುತ್ತಿರುವವರು ಈ ಒಂದು ಪರೀಕ್ಷೆಯನ್ನು ಮರೆಯಬಾರದು.

ಮಗನೋ ಸೊಸೆಯೋ ಆಫೀಸಿನಿಂದ ತಂದ ಲ್ಯಾಪ್‌ಟಾಪಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅದು ಮನೆಯಲ್ಲಿದ್ದರೂ ಮನೆಯದಲ್ಲ. ಅದರಲ್ಲಿ ಏನು ತೆಗೆಯಬೇಕಾದರೂ ಆಫೀಸಿನ ಹೆಲ್ಪ್ ಡೆಸ್ಕಿಗೆ ಹೇಳಬೇಕು. ಅಲ್ಲಿನ ಬೀಗ ಮುರಿಯುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಕೆಲಸಕ್ಕೆ ಕುತ್ತು ಬಂದೀತು.

ಸರಿ, ನೀವೇ ಅಡ್ಮಿನ್ ಎಂದು ಗೊತ್ತಾಯಿತು ಎನ್ನೋಣ. ಆದರೂ ಪ್ರೋಗ್ರಾಮು ಹೋಗುತ್ತಿಲ್ಲ. ಮೊದಲ ಮದ್ದು ರೀಸ್ಟಾರ್ಟ್. ಈ ಸಲಹೆ ಕೇಳಿ ನಗಬೇಡಿ. ಆಫ್ ಮಾಡಿ ಆನ್ ಮಾಡಿದ್ದೇನೆ ಸಾರ್ ಎಂದು ನೀವು ಹೇಳುವುದೂ ನನಗೆ ಗೊತ್ತು. ಅದು ಸಾಲದು. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಬಂದು, ಶಟ್‌ಡೌನ್ ಒತ್ತಿದಾಗ ವಿಂಡೋಸಿನ ಒಳತಿರುಳು ಪೂರ್ತಿ ಅಳಿಯುವುದಿಲ್ಲ, ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ. ಬೆಳಿಗ್ಗೆ ಬೇಗ ಏಳುವುದಕ್ಕೆ ಅದೇ ಕಾರಣ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವನ್ನೂ ಕೊಡವಿಕೊಂಡು ಮೊದಲಿಂದ ಶುರುವಾಗುತ್ತದೆ. ಹಿಂದಿನ ಸಲ ಅರ್ಧಕ್ಕೆ ನಿಂತ ಇನ್‌ಸ್ಟಾಲೋ ಅಪ್‌ಡೇಟೋ ದಾರಿಗೆ ಅಡ್ಡ ಕೂತಿದ್ದರೆ ಇದರಿಂದ ಎದ್ದು ಹೋಗುತ್ತದೆ.

ಎರಡನೆಯದು, ತೆಗೆಯಬೇಕಾದ ಪ್ರೋಗ್ರಾಮೇ ಆ ಹೊತ್ತಿನಲ್ಲಿ ಓಡುತ್ತಿರುವುದು. ಪರದೆಯ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಮೇಲ್ಮುಖವಾದ ಸಣ್ಣ ಬಾಣದ ಗುರುತಿದೆಯಲ್ಲ, ಅದನ್ನು ಒತ್ತಿ ನೋಡಿ. ಕಣ್ಣಿಗೆ ಕಾಣದೆ ಕೆಲಸ ಮಾಡುತ್ತಿರುವ ಎಷ್ಟೋ ಪ್ರೋಗ್ರಾಮುಗಳು ಅಲ್ಲಿ ಕೂತಿರುತ್ತವೆ. ಕನ್ನಡದವರಿಗೆ ಇದು ಹೆಚ್ಚು ಪರಿಚಿತ ಜಾಗ. ನುಡಿಯನ್ನೋ ಬರಹವನ್ನೋ ಬಳಸಿ ಬೆರಳಚ್ಚು ಮಾಡುವವರ ಕೀಲಿಮಣೆ ತಂತ್ರಾಂಶ ಅಲ್ಲೇ ಕಾದು ಕೂತಿರುತ್ತದೆ.

ಈ ಕೀಲಿಮಣೆಯ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ವಿಸ್ಟಾದಿಂದ ಈಚೆಗೆ, ಸಾಧಾರಣ ಅಧಿಕಾರದಲ್ಲಿ ಓಡುತ್ತಿರುವ ಪ್ರೋಗ್ರಾಮು ಅಡ್ಮಿನ್ ಅಧಿಕಾರದಲ್ಲಿ ಓಡುತ್ತಿರುವ ಇನ್ನೊಂದರ ಕಿಟಕಿಯೊಳಗೆ ಕೈಹಾಕುವಂತಿಲ್ಲ. ಅಲ್ಲಿ ಒತ್ತಿದ ಕೀಲಿಗಳು ಅದಕ್ಕೆ ಕೇಳಿಸುವುದೂ ಇಲ್ಲ. ಬೇರೆಯವರ ಪಾಸ್‌ವರ್ಡ್ ಕದಿಯುವ ಕಳ್ಳರಿಗೆ ಹಾಕಿದ ಬೇಲಿ ಅದು. ಆದರೆ ಕೀಲಿಗಳನ್ನು ಆಲಿಸಿ ಕನ್ನಡ ಮೂಡಿಸುವ ಹಳೆಯ ಬಗೆಯ ತಂತ್ರಾಂಶಕ್ಕೂ ಅದೇ ಬೇಲಿ ಅಡ್ಡವಾಗುತ್ತದೆ. ಇದು ಗೊತ್ತಿರುವವರು ಕೀಲಿಮಣೆ ತಂತ್ರಾಂಶವನ್ನೂ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿಟ್ಟುಬಿಡುತ್ತಾರೆ. ಕನ್ನಡವೇನೋ ಎಲ್ಲೆಡೆ ಮೂಡುತ್ತದೆ. ಮುಂದೊಂದು ದಿನ ಅದನ್ನು ತೆಗೆಯಲು ಸಾಧಾರಣ ಲಾಗಿನ್ನಿನಿಂದ ಹೋದರೆ ಅದನ್ನು ನಿಲ್ಲಿಸಲೂ ಆಗುವುದಿಲ್ಲ, ಟಾಸ್ಕ್ ಮ್ಯಾನೇಜರಿನಲ್ಲಿ ಎಂಡ್ ಟಾಸ್ಕ್ ಒತ್ತಿದರೆ ಆಕ್ಸೆಸ್ ಡಿನೈಡ್ ಎನ್ನುತ್ತದೆ. ಓಡುತ್ತಿರುವ ಫೈಲನ್ನು ಅಳಿಸಲು ವಿಂಡೋಸ್ ಬಿಡುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಅಡ್ಮಿನ್ ಲಾಗಿನ್ನಿಗೆ ಹೋಗಿ, ಆ ತಂತ್ರಾಂಶವನ್ನು ಮುಚ್ಚಿ, ಅಲ್ಲಿಂದಲೇ ತೆಗೆಯಬೇಕು.

ಇದಾದ ಮೇಲೂ ಬಗ್ಗದಿದ್ದರೆ ಮುಂದಿನ ದಾರಿ, ತೆಗೆಯುವ ಫೈಲನ್ನು ನೇರವಾಗಿ ಓಡಿಸುವುದು. ಪೆನ್ನು ಕಾಗದ ಇಟ್ಟುಕೊಳ್ಳಿ. ಸಿ ಡ್ರೈವಿನಲ್ಲಿ ಪ್ರೋಗ್ರಾಮ್ ಫೈಲ್ಸ್ ಎಂಬ ಫೋಲ್ಡರ್ ಇದೆ. ಅದರ ಪಕ್ಕದಲ್ಲೇ ಅದೇ ಹೆಸರಿನ ಮುಂದೆ ಕಂಸದಲ್ಲಿ ಎಕ್ಸ್ 86 ಎಂದು ಬರೆದಿರುವ ಇನ್ನೊಂದಿರುತ್ತದೆ. ಎರಡರಲ್ಲೂ ಹುಡುಕಿ, ಬೇಡವಾದ ಪ್ರೋಗ್ರಾಮಿನ ಫೋಲ್ಡರ್ ತೆರೆಯಿರಿ. ಒಳಗೆ ಅನ್‌ಇನ್‌ಸ್ಟಾಲ್ ಎಂದೋ, ಯು, ಎನ್, ಐ, ಎನ್, ಎಸ್, ಮೂರು ಸೊನ್ನೆ ಎಂದೋ ಹೆಸರಿರುವ ಫೈಲ್ ಇರಬಹುದು. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಆಯ್ಕೆಮಾಡಿ. ಪರದೆ ಮಬ್ಬಾಗುತ್ತದೆ, ಪ್ರಶ್ನೆ ಬರುತ್ತದೆ, ಯೆಸ್ ಒತ್ತುತ್ತೀರಿ. ಇಲ್ಲಿ ನೀವೇ ದೊಡ್ಡ ಪರವಾನಗಿಯನ್ನು ಅದರ ಕೈಗೆ ಕೊಟ್ಟಂತಾಯಿತು. ಹಳೆಯ ಸಾಫ್ಟ್‌ವೇರುಗಳಲ್ಲಿ ಬಹಳ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಅಂಥ ಫೈಲೇ ಇಲ್ಲದಿದ್ದರೆ ಸ್ಟಾರ್ಟ್ ಒತ್ತಿ, ಸಿ, ಎಮ್, ಡಿ ಎಂದು ಮೂರಕ್ಷರ ಟೈಪ್ ಮಾಡಿ. ಕಮಾಂಡ್ ಪ್ರಾಂಪ್ಟ್ ಎಂದು ತೋರಿಸುತ್ತದೆ. ಅದನ್ನೂ ಬಲಗುಂಡಿ ಒತ್ತಿ ಅಡ್ಮಿನ್ ಆಗಿಯೇ ತೆರೆಯಿರಿ. ಕಪ್ಪು ಕಿಟಕಿಯಲ್ಲಿ ಡಬ್ಲ್ಯೂ, ಐ, ಎನ್, ಜಿ, ಇ, ಟಿ, ಅಂದರೆ ವಿನ್‌ಗೆಟ್, ಜಾಗ ಬಿಟ್ಟು ಲಿಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಯಂತ್ರದಲ್ಲಿರುವ ಪ್ರೋಗ್ರಾಮುಗಳ ಪಟ್ಟಿ ಬರುತ್ತದೆ. ಅದರಲ್ಲಿರುವ ಹೆಸರನ್ನು ನೋಡಿಕೊಂಡು, ವಿನ್‌ಗೆಟ್ ಅನ್‌ಇನ್‌ಸ್ಟಾಲ್ ಎಂದು ಬರೆದು, ಆಮೇಲೆ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಎಂಟರ್ ಒತ್ತಿ. ಈಚಿನ ವಿಂಡೋಸ್ 10 ಮತ್ತು 11ರಲ್ಲಿ ಇದು ಸಿಗುತ್ತದೆ. ಕಪ್ಪು ಕಿಟಕಿ ಕಂಡರೆ ಹೆದರುವವರಿದ್ದಾರೆ. ಅದು ಕಚ್ಚುವುದಿಲ್ಲ. ನೀವು ಬರೆದದ್ದನ್ನಷ್ಟೇ ಮಾಡುತ್ತದೆ, ಹಾಗಾಗಿ ಬರೆದದ್ದನ್ನು ಎಂಟರ್ ಒತ್ತುವ ಮೊದಲು ಓದಿಕೊಂಡರೆ ಸಾಕು.

ಪ್ರೋಗ್ರಾಮಿನ ದಾಖಲೆಯೇ ಕೆಟ್ಟುಹೋಗಿದ್ದರೆ ಈ ಯಾವುದೂ ನಡೆಯದು. ಸಾಮಾನ್ಯವಾಗಿ ಪ್ರತಿಯೊಂದು ಪ್ರೋಗ್ರಾಮೂ ತನ್ನನ್ನು ತೆಗೆಯುವುದು ಹೇಗೆ ಎಂಬ ಸಾಲೊಂದನ್ನು ರಿಜಿಸ್ಟ್ರಿ ಎಂಬ ವಿಂಡೋಸಿನ ಕಡತದಲ್ಲಿ ಬರೆದಿಟ್ಟಿರುತ್ತದೆ. ಆ ಸಾಲು ಹಾಳಾದರೆ ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ತೆಗೆಯಲು ಬರುವುದಿಲ್ಲ. ರಿಜಿಸ್ಟ್ರಿಗೆ ಮನೆಯವರು ಕೈಹಾಕುವುದು ಬೇಡ. ಇದಕ್ಕೆಂದೇ ಮೈಕ್ರೋಸಾಫ್ಟ್ ಪ್ರೋಗ್ರಾಮ್ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್ ಎಂಬ ಉಚಿತ ಸಲಕರಣೆ ಕೊಟ್ಟಿದೆ. ಅವರ ಸ್ವಂತ ತಾಣದಿಂದಲೇ ಅದನ್ನು ಇಳಿಸಿಕೊಳ್ಳಿ.

ಆಂಟಿವೈರಸ್ಸಿನದು ಬೇರೆಯೇ ಕತೆ. ಅದು ಸುಲಭಕ್ಕೆ ಹೋಗಬಾರದು, ಹೋದರೆ ಅದರಿಂದ ಏನು ಪ್ರಯೋಜನ? ವೈರಸ್ಸು ಒಳಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಕಾವಲುಗಾರನನ್ನು ಹೊರಹಾಕುವುದೇ. ಅದಕ್ಕಾಗಿ ಆಂಟಿವೈರಸ್ ತನ್ನ ಫೈಲುಗಳನ್ನು ಅಡ್ಮಿನ್ನಿನಿಂದಲೂ ಕಾಪಾಡಿಕೊಳ್ಳುತ್ತದೆ, ಕೆಲವದಕ್ಕೆ ತೆಗೆಯಲು ಬೇರೆ ಪಾಸ್‌ವರ್ಡನ್ನೇ ಇಟ್ಟಿರಬಹುದು. 1991ರಲ್ಲಿ ಶುರುವಾದ ಕೆ7 ನಮ್ಮ ಚೆನ್ನೈಯದೇ ಕಂಪನಿ. ಅಂಥ ಕಂಪನಿಯವರ ಆಂಟಿವೈರಸ್ ಇರಲಿ, ಹೊರದೇಶದ್ದಿರಲಿ, ಸಾಧಾರಣ ದಾರಿಯಲ್ಲಿ ಹೋಗದಿದ್ದರೆ ಅದನ್ನು ಮಾಡಿದ ಕಂಪನಿಯ ಸ್ವಂತ ತಾಣದಲ್ಲಿ ಕೊಟ್ಟಿರುವ ಸಹಾಯವಾಣಿಗೇ ಫೋನ್ ಮಾಡಿ, ತೆಗೆಯುವ ಸಲಕರಣೆಯನ್ನು ಅವರಿಂದಲೇ ಕೇಳಿ ಪಡೆಯಿರಿ.

ಆಗಲೇ ಹೊಸ ತೊಂದರೆ ಎಂದೆನಲ್ಲ, ಅದು ಇದು. ಮಗಳು ತನ್ನ ಲಾಗಿನ್ನಿನಲ್ಲಿ ಒಂದು ಪ್ರೋಗ್ರಾಮು ಹಾಕಿಕೊಂಡಿದ್ದಾಳೆ. ಅದು ಅವಳ ಫೋಲ್ಡರಿನೊಳಗೆ, ಅವಳೊಬ್ಬಳಿಗೇ ಸೇರಿದಂತೆ ಕೂತಿದೆ. ನೀವು ನಿಮ್ಮ ಅಡ್ಮಿನ್ ಲಾಗಿನ್ನಿನಿಂದ ಪಟ್ಟಿ ತೆರೆದರೆ ಅದರ ಹೆಸರೇ ಕಾಣುವುದಿಲ್ಲ. ಸರಿ, ಅವಳ ಲಾಗಿನ್ನಿಗೇ ಹೋಗಿ ಅಡ್ಮಿನ್ ಆಗಿ ಓಡಿಸೋಣ ಎಂದು ನಿಮ್ಮ ಪಾಸ್‌ವರ್ಡ್ ಕೊಟ್ಟರೆ ಇನ್ನೂ ಎಡವಟ್ಟು. ನಿಮ್ಮ ಪಾಸ್‌ವರ್ಡ್ ಕೊಟ್ಟ ಕ್ಷಣದಿಂದ ಆ ಪ್ರೋಗ್ರಾಮು ನಿಮ್ಮ ಹೆಸರಿನಲ್ಲಿ ಓಡುತ್ತದೆ, ನಿಮ್ಮ ದಾಖಲೆಯಲ್ಲಿ ಹುಡುಕುತ್ತದೆ, ಅಲ್ಲಿ ಏನೂ ಸಿಗದೆ ಕೈಚೆಲ್ಲುತ್ತದೆ. ಅಂಥದ್ದನ್ನು ಅವಳ ಲಾಗಿನ್ನಿನಲ್ಲಿ, ಅವಳಾಗಿಯೇ, ಯಾವ ಅಡ್ಮಿನ್ ಪಾಸ್‌ವರ್ಡೂ ಕೊಡದೆ ತೆಗೆಯಬೇಕು. ಅಧಿಕಾರ ಹೆಚ್ಚಾದಷ್ಟೂ ಕೆಲಸ ಕೆಡುವ ಸಂದರ್ಭ ಕಂಪ್ಯೂಟರಿನಲ್ಲೂ ಇದೆ.

ಅಪರೂಪಕ್ಕೆ ಇನ್ನೊಂದು ಸಿಕ್ಕು ಬೀಳುತ್ತದೆ. ಪರದೆ ಮಬ್ಬಾಗಿ ಪ್ರಶ್ನೆಯೇನೋ ಬರುತ್ತದೆ, ಆದರೆ ಯೆಸ್ ಗುಂಡಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ಪಾಸ್‌ವರ್ಡ್ ಬರೆಯಲು ಜಾಗವೂ ಇರುವುದಿಲ್ಲ. ಯಾರೋ ಸುರಕ್ಷತೆಗೆ ಎಂದುಕೊಂಡು ಮನೆಯ ಒಂದೇ ಒಂದು ಅಡ್ಮಿನ್ ಲಾಗಿನ್ನನ್ನು ಸಾಧಾರಣಕ್ಕೆ ಇಳಿಸಿರುತ್ತಾರೆ. ಈಗ ಆ ಯಂತ್ರಕ್ಕೆ ಅಡ್ಮಿನ್ನೇ ಇಲ್ಲ. ಇದನ್ನು ಸೇಫ್ ಮೋಡಿಗೋ ರಿಕವರಿಗೋ ಹೋಗಿ ಸರಿಮಾಡಬೇಕಾಗುತ್ತದೆ, ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ಉದ್ದನೆಯ ರಿಕವರಿ ಸಂಖ್ಯೆಯೂ ಬೇಕು. ಆ ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಇದೊಂದಕ್ಕೆ ಬಲ್ಲವರನ್ನು ಕರೆಯುವುದೇ ಜಾಣತನ. ಕರೆಯುವ ಮೊದಲು ಫೋಟೋ, ಕಾಗದಪತ್ರಗಳ ನಕಲು ಬೇರೆ ಡಿಸ್ಕಿಗೆ ತೆಗೆದಿಡಿ.

ಲಿನಕ್ಸ್ ಬಳಸುವವರಿಗೂ ಒಂದು ಮಾತು, ಏಕೆಂದರೆ ಈ ಊರಿಗೂ ಅದಕ್ಕೂ ಸಂಬಂಧವಿದೆ. ಬಾಸ್ ಲಿನಕ್ಸ್ ಎಂಬ ಭಾರತದ್ದೇ ವ್ಯವಸ್ಥೆ ರೂಪುಗೊಂಡದ್ದು ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಚೆನ್ನೈಯ ಸಿ-ಡ್ಯಾಕ್‌ನಲ್ಲಿ, 2007ರಲ್ಲಿ ಅದು ಹೊರಬಂತು. 2011ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರ ಶಾಲಾ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡುವ ಯೋಜನೆ ಶುರುಮಾಡಿದಾಗ ವಿಂಡೋಸಿನ ಜೊತೆಗೆ ಬಾಸ್ ಕೂಡ ಅವುಗಳಲ್ಲಿ ಇತ್ತು. ಹಾಗಾಗಿ ಲಿನಕ್ಸ್ ಹೆಸರೇ ಕೇಳದ ಎಷ್ಟೋ ಮನೆಗಳಿಗೆ ಅದು ಗೊತ್ತಿಲ್ಲದೆಯೇ ಬಂತು. ಲಿನಕ್ಸಿನಲ್ಲಿ ಅಡ್ಮಿನ್ನನ್ನು ರೂಟ್ ಎನ್ನುತ್ತಾರೆ. ಪ್ರೋಗ್ರಾಮು ತೆಗೆಯಲು ಸುಡೋ ಎಂಬ ಆಜ್ಞೆ ಬೇಕು, ಅಧಿಕಾರವಿಲ್ಲದವರು ಅದನ್ನು ಬಳಸಿದರೆ ಈ ಪ್ರಸಂಗವನ್ನು ವರದಿ ಮಾಡಲಾಗುವುದು ಎಂದು ಯಂತ್ರ ಗದರುತ್ತದೆ. ಮನೆಯಲ್ಲಿ ಯಾರಿಗೆ ವರದಿ ಮಾಡೀತು? ಹೆದರಬೇಡಿ, ಯಂತ್ರದೊಳಗಿನ ಒಂದು ದಾಖಲೆಗೆ ಒಂದು ಸಾಲು ಸೇರುತ್ತದೆ, ಅಷ್ಟೇ.

ಇನ್ನು ಮಾಡಬಾರದ ಕೆಲಸಗಳು. ಯೂಸರ್ ಅಕೌಂಟ್ ಕಂಟ್ರೋಲಿನ ಜಾರುಗುಂಡಿಯನ್ನು ಪೂರ್ತಿ ಕೆಳಕ್ಕೆ ಎಳೆದುಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಸರಿಹೋಗಬಹುದು, ಆದರೆ ಒಂದು ಪ್ರೋಗ್ರಾಮು ತೆಗೆಯುವುದಕ್ಕಾಗಿ ಮನೆಯ ಬಾಗಿಲನ್ನೇ ತೆಗೆದಿಟ್ಟಂತಾಯಿತು. ಅಡ್ಮಿನಿಸ್ಟ್ರೇಟರ್ ಎಂಬ ಹೆಸರಿನ, ವಿಂಡೋಸಿನೊಳಗೇ ಅಡಗಿರುವ ಖಾತೆಯನ್ನು ಎಬ್ಬಿಸಿ ಎನ್ನುವ ಸಲಹೆಯೂ ಇದೆ. ತೀರಾ ಬೇಕಾದರೆ ಎಬ್ಬಿಸಿ, ಕೆಲಸ ಮುಗಿದ ಕೂಡಲೇ ಮಲಗಿಸಿ. ಪಾಸ್‌ವರ್ಡ್ ಇಲ್ಲದೆ ಅದನ್ನು ಎಚ್ಚರವಾಗಿಟ್ಟರೆ ಅಪಾಯ. ಫೋಲ್ಡರಿನ ಒಡೆತನ ಕಿತ್ತುಕೊಂಡು ಡಿಲೀಟ್ ಒತ್ತುವುದೂ ಬೇಡ. ಫೈಲು ಹೋಗುತ್ತದೆ, ಅದರ ಬೇರುಗಳು ಉಳಿಯುತ್ತವೆ. ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಹೆಸರು ಕಂಡಲ್ಲಂತೂ ಕೈ ಹಿಂದಕ್ಕೆ ತೆಗೆದುಕೊಳ್ಳಿ, ಅದು ವಿಂಡೋಸಿನ ಸ್ವಂತ ಆಸ್ತಿ.

ನನ್ನ ಅಭಿಪ್ರಾಯ ಕೇಳಿದರೆ ಪ್ರತಿ ಮನೆಯ ಕಂಪ್ಯೂಟರಿನಲ್ಲಿ ಎರಡು ಬಗೆಯ ಲಾಗಿನ್ ಇರಬೇಕು. ಒಂದು ಅಡ್ಮಿನ್, ಅದರಲ್ಲಿ ಯಾರೂ ದಿನನಿತ್ಯ ಕೂರಬಾರದು. ಉಳಿದದ್ದೆಲ್ಲ ಸಾಧಾರಣ, ಮನೆಯ ಯಜಮಾನನದೂ ಸೇರಿ. ಯಜಮಾನನಿಗೆ ಇದು ಅವಮಾನ ಅನ್ನಿಸಬಹುದು. ವಿದ್ಯಾರ್ಥಿ ಮಗ ಅಪ್ಪನಿಗೆ ಅಡ್ಮಿನ್ ಆಗುವುದಂತೂ ಎಷ್ಟೋ ಮನೆಗಳಲ್ಲಿ ಜಗಳಕ್ಕೆ ಕಾರಣ. ಹಾಗಿದ್ದರೂ ಪರದೆ ಮಬ್ಬಾದಾಗ ಬರಿದೆ ಯೆಸ್ ಒತ್ತುವುದಕ್ಕಿಂತ ಪಾಸ್‌ವರ್ಡ್ ಬರೆಯಬೇಕಾಗಿ ಬರುವುದು ಒಳ್ಳೆಯದು. ಬರೆಯುವ ಆ ಕೆಲವು ಕ್ಷಣದಲ್ಲಿ, ನಾನು ಇದನ್ನು ಕೇಳಿದ್ದೆನೇ ಎಂಬ ಯೋಚನೆ ಬರುತ್ತದೆ.

ಕೊನೆಗೆ ಒಂಟಿಯಾಗಿರುವ ಹಿರಿಯರಿಗೆ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವವರಿಗೆ ಒಂದು ಕಳಕಳಿಯ ವಿನಂತಿ. ಪ್ರೋಗ್ರಾಮು ಹೋಗುತ್ತಿಲ್ಲ ಎಂದು ಇಂಟರ್ನೆಟ್ಟಿನಲ್ಲಿ ಸಹಾಯವಾಣಿಯ ನಂಬರ್ ಹುಡುಕಿ ಫೋನ್ ಮಾಡಬೇಡಿ. ಅಲ್ಲಿ ಸಿಗುವ ನಂಬರುಗಳಲ್ಲಿ ಮೋಸದವೂ ಇವೆ. ದೂರದಿಂದಲೇ ಸರಿಮಾಡಿಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಬರುವ ಅಂಕೆಗಳನ್ನು ಹೇಳಿ ಎಂದು ಅವರು ಇಂಪಾಗಿ ಮಾತಾಡುತ್ತಾರೆ. ನೀವು ಅಂಕೆ ಹೇಳಿ, ಕೇಳಿದ್ದಕ್ಕೆಲ್ಲ ಯೆಸ್ ಒತ್ತಿದಿರೆಂದರೆ ನಿಮ್ಮ ಪರದೆ, ನಿಮ್ಮ ಬ್ಯಾಂಕು ಎಲ್ಲ ಅವರ ಕಣ್ಣೆದುರು. ಇಂಥ ದೂರನಿಯಂತ್ರಣ ಆ್ಯಪುಗಳ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಬೇಡವಾದ ಪ್ರೋಗ್ರಾಮೊಂದು ಕಂಪ್ಯೂಟರಿನಲ್ಲಿ ಇನ್ನೊಂದು ತಿಂಗಳು ಕೂತರೆ ಆಕಾಶ ಬೀಳುವುದಿಲ್ಲ. ಮಕ್ಕಳು ಊರಿಗೆ ಬರಲಿ, ಪಕ್ಕದ ಮನೆಯ ಕಾಲೇಜು ಹುಡುಗಿಗೆ ಬಿಡುವಾಗಲಿ, ಕಾಯಿರಿ. ಈಗಾಗಲೇ ಮೋಸಹೋಗಿ ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟುಕೊಂಡು ಸುಮ್ಮನಿರಬೇಡಿ. ಮೊದಲು ಇಂಟರ್ನೆಟ್ ಸಂಪರ್ಕ ಕಿತ್ತುಹಾಕಿ, ಬ್ಯಾಂಕಿಗೆ ತಿಳಿಸಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ದೇಶಕ್ಕೆಲ್ಲ ಒಂದೇ ಸೈಬರ್ ವಂಚನೆಯ ದೂರು ಸಂಖ್ಯೆ, ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.